ಮರೆಮ್ಮ ಹೌಸು

ನಮ್ಮ ಶಾಲೆಯಲ್ಲಿ ದಿನಾ ಬೆಳಿಗ್ಗೆ ಸತ್ತ ಹುಡುಗಿಯೊಬ್ಬಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಕರೆದು ಪಾಯಖಾನೆ ತೊಳೆಯಲು ಕಳಿಸುತ್ತಿದ್ದರು. ಅವಳ ಬದಲಿಗೆ ಎದ್ದು ನಿಂತು ‘ಹಾಜಿರ್’ ಅನ್ನುತ್ತಿದ್ದವಳು ನಾನು.

ನಾನು ಭಾಗಮ್ಮ. ಕೊಳಕೂರದವಳು. ಸತ್ತವಳು ಮರೆಮ್ಮ, ನನ್ನ ಚಿಗವ್ವ ಸಾಬವ್ವನ ಒಬ್ಬಳೇ ಮಗಳು. ನನಗೆ ತಾಯಿ ಇರಲಿಲ್ಲ. ನಾವಿಬ್ಬರೂ ಸಾಬವ್ವನ ಗುಡಿಸಲಲ್ಲಿ ಒಂದೇ ಗಂಗಾಳದಲ್ಲಿ ಉಂಡು ಬೆಳೆದೆವು. ಅದು ನಿಜಾಮರ ಕಾಲ. ಊರಲ್ಲಿ ಎಮ್ಮೆ ಸತ್ತರೆ ಎಳೆಯಲು ನಮ್ಮ ಕೇರಿ ಬೇಕು. ಸಾಹೇಬರ ಡೇರೆ ಬಂದರೆ ಸಾಮಾನು ಹೊರಲು ನಮ್ಮ ಕೇರಿ ಬೇಕು. ಅದಕ್ಕೆ ಬೇಗಾರಿ ಅನ್ನುತ್ತಿದ್ದರು. ಕೂಲಿ ಕೇಳಿದರೆ ಒದೆ. ಮರೆಮ್ಮ ಹೊಟ್ಟೆಯಲ್ಲಿದ್ದಾಗ ಸಾಬವ್ವ ಗೌಡರ ಕೊಟ್ಟಿಗೆಯಿಂದ ಸತ್ತ ಎಮ್ಮೆ ಎಳೆದಿದ್ದಳು. ಎಳೆಯುವಾಗ ಜಾರಿ ಬಿದ್ದಳು. ಬಿದ್ದವಳನ್ನು ನೋಡಿ ಗೌಡರ ಮನೆಯ ಹುಡುಗರು ನಕ್ಕರು. ಆ ನಗು ಅವಳ ಕಿವಿಯಿಂದ ಹೋಗಲೇ ಇಲ್ಲ.

ಜೇವರ್ಗಿಯ ಹೊರಗೆ ಮಿಶನ್ನಿನವರು ಹೆಣ್ಣುಮಕ್ಕಳಿಗೆ ಶಾಲೆ ತೆಗೆದಿದ್ದಾರೆ, ಊಟ ವಸತಿ ಎಲ್ಲ ಅಲ್ಲೇ, ಜಾತಿ ಕೇಳುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ಸಾಬವ್ವ ನಮ್ಮಿಬ್ಬರ ಕೈ ಹಿಡಿದು ಎಳೆದುಕೊಂಡೇ ಬಂದಳು. ದಾರಿಯುದ್ದಕ್ಕೂ ಒಂದೇ ಮಾತು.

“ನೀವು ಏನರ ಕಲೀರಿ, ಬಿಡ್ರಿ. ಮಂದಿ ಹೊಲಸಿಗೆ ಕೈ ಹಚ್ಚಬ್ಯಾಡ್ರಿ. ನನಗ ಅಷ್ಟ ಸಾಕು.”

ಶಾಲೆಯ ವರಾಂಡದಲ್ಲಿ ಮೇಜು ಹಾಕಿಕೊಂಡು ಸುಮಿತ್ರಾಬಾಯಿ ಕೂತಿದ್ದಳು. ಹುಡುಗಿಯರ ವಸತಿ, ಊಟ, ಶಿಸ್ತು ಎಲ್ಲಾ ಅವಳ ಕೈಯಲ್ಲಿ. ಆಗ ‘ಬಾಯಾರ’ ಅನ್ನುತ್ತಿದ್ದೆ. ಈಗ ಅವಳನ್ನು ಗೌರವಿಸಿ ಮಾತಾಡಲು ನನ್ನ ನಾಲಗೆ ಏಳುವುದಿಲ್ಲ. ಅವಳ ಅಜ್ಜ ಪಂಢರಪುರದ ಕಡೆಯ ಬ್ರಾಹ್ಮಣ, ಕ್ರಿಸ್ತನನ್ನು ನಂಬಿ ಮನೆ ಬಿಟ್ಟು ಬಂದವನು. ಮೊಮ್ಮಗಳು ಕ್ರಿಸ್ತನನ್ನೂ ನಂಬಿದ್ದಳು, ಅಜ್ಜ ಬಿಟ್ಟುಬಂದ ಮನೆಯನ್ನೂ ಬಿಟ್ಟಿರಲಿಲ್ಲ.

ಅವಳು ಜಾತಿ ಕೇಳಲಿಲ್ಲ. ಅದು ಖರೆ.

“ಯಾವೂರು?” ಎಂದಳು.

“ಕೊಳಕೂರ್ರಿ.”

“ನಿಮ್ಮ ಮನಿ ಅಗಸಿ ಒಳಗೋ, ಹೊರಗೋ?”

ಊರ ಬಾಗಿಲಿಗೆ ನಮ್ಮಲ್ಲಿ ಅಗಸಿ ಅನ್ನುತ್ತಾರೆ. ಅಗಸಿಯ ಹೊರಗೆ ಯಾರಿರುತ್ತಾರೆ ಎಂದು ಕೂಸಿಗೂ ಗೊತ್ತು. ಸಾಬವ್ವ ತಲೆ ಬಗ್ಗಿಸಿ, “ಹೊರಗ್ರಿ” ಅಂದಳು.

“ಬೇಥಾನ್ಯ ಹೌಸು,” ಅಂದಳು ಸುಮಿತ್ರಾಬಾಯಿ.

ಶಾಲೆಯಲ್ಲಿ ಮೂರು ಹೌಸು. ಶಾರೋನ್, ಕರ್ಮೆಲ್, ಬೇಥಾನ್ಯ. ಮೂರೂ ಬೈಬಲ್ಲಿನ ಹೆಸರುಗಳು. ಶಾಲೆ ನಡೆಸುತ್ತಿದ್ದ ಪರದೇಶದ ಮಿಸ್ ಸಾಹೇಬರು ತಮ್ಮ ದೇಶದ ಶಾಲೆಗಳಲ್ಲಿ ಇದ್ದಂತೆ ಮಾಡಿದ್ದರು. ಒಂದು ಹೌಸಿನವರು ಒಂದೇ ಕೋಣೆಯಲ್ಲಿ ಮಲಗಬೇಕು, ಒಂದೇ ಸಾಲಲ್ಲಿ ಕೂತು ಉಣ್ಣಬೇಕು, ಒಬ್ಬಳು ಗೆದ್ದರೆ ಎಲ್ಲರೂ ಗೆದ್ದಂತೆ. ಕೇಳಲು ಚೆನ್ನಾಗಿತ್ತು. ಪಾದ್ರಿಗಳ, ಮಾಸ್ತರರ, ದೊಡ್ಡ ಮನೆಗಳ ಹುಡುಗಿಯರು ಶಾರೋನ್. ನೇಕಾರರು, ಕುರುಬರು, ಕಬ್ಬಲಿಗರು ಕರ್ಮೆಲ್. ಅಗಸಿಯ ಹೊರಗಿನವರು ಬೇಥಾನ್ಯ. ಯಾರ ಬಾಯಿಂದಲೂ ಜಾತಿಯ ಮಾತು ಬರಲಿಲ್ಲ. ಬರುವ ಅಗತ್ಯವೇ ಇರಲಿಲ್ಲ.

ಪಾಠಕ್ಕೆ, ಹಾಡಿಗೆ, ಆಟಕ್ಕೆ, ಸ್ವಚ್ಛತೆಗೆ ಪ್ರತಿ ಹೌಸಿಗೂ ಅಂಕ. ಶನಿವಾರ ಮಿಸ್ ಸಾಹೇಬರು ಯಾರು ಗೆದ್ದರು ಎಂದು ಹೇಳುತ್ತಿದ್ದರು. ಗೆದ್ದ ಹೌಸಿಗೆ ಚರ್ಚಿನಲ್ಲಿ ಹೂವಿಡುವ ಕೆಲಸ. ನಡುವಿನದಕ್ಕೆ ಅಡಿಗೆಮನೆ. ಕೊನೆಗೆ ನಿಂತ ಹೌಸು ಮುಂದಿನ ವಾರವೆಲ್ಲ ಪಾಯಖಾನೆಯ ಬಕೆಟ್ಟು ಎತ್ತಬೇಕು. ಅದಕ್ಕೆ ಮಿಸ್ ಸಾಹೇಬರು ‘ಸೇವೆ’ ಎಂದು ಹೆಸರಿಟ್ಟಿದ್ದರು.

ಈಗ ಇದರ ಹುಳುಕು ಕೇಳಿ. ಸ್ವಚ್ಛತೆಗೆ ಅಂಕ ಹಾಕುವವಳು ಸುಮಿತ್ರಾಬಾಯಿ. ಅವಳು ಸಾಲಾಗಿ ನಿಲ್ಲಿಸಿ ನಮ್ಮ ಕೈ ಮೂಸಿ ನೋಡುತ್ತಿದ್ದಳು. ಮುಟ್ಟುತ್ತಿರಲಿಲ್ಲ. ಮೂಗು ಹತ್ತಿರ ತಂದು ಹಿಂದೆ ತೆಗೆಯುತ್ತಿದ್ದಳು. ವಾರವಿಡೀ ಬಕೆಟ್ಟು ಎತ್ತಿದ ಕೈ ನಾರದೆ ಇನ್ನೇನಾದೀತು? ಬೂದಿ ಹಚ್ಚಿ ತಿಕ್ಕಿದೆವು. ಬೇವಿನ ಸೊಪ್ಪು ಅರೆದು ಹಚ್ಚಿದೆವು. ನಾತ ಹೋಗಲಿಲ್ಲ. ನಾತ ಹೋಗದಿದ್ದರೆ ಅಂಕ ಇಲ್ಲ. ಅಂಕ ಇಲ್ಲದಿದ್ದರೆ ಬೇಥಾನ್ಯ ಕೊನೆಗೆ. ಕೊನೆಗೆ ನಿಂತರೆ ಮತ್ತೆ ಬಕೆಟ್ಟು. ಬಕೆಟ್ಟು ಎತ್ತಿದರೆ ಮತ್ತೆ ನಾತ. ನಾನು ಆ ಶಾಲೆಯಲ್ಲಿ ಇದ್ದಷ್ಟು ಕಾಲ ಚರ್ಚಿನ ಹೂವು ಮುಟ್ಟಿಲ್ಲ.

ಮಿಸ್ ಸಾಹೇಬರು ಕೆಟ್ಟವರಲ್ಲ. ಅದನ್ನೂ ಹೇಳಿಬಿಡುತ್ತೇನೆ. ಪ್ರತಿ ಶನಿವಾರ ನಮ್ಮ ಕಡೆ ತಿರುಗಿ, ಪುಸ್ತಕದಿಂದ ಕಲಿತ ಕನ್ನಡದಲ್ಲಿ, “ಬೇಥಾನ್ಯದ ಮಕ್ಕಳೇ, ನೀವು ಇನ್ನೂ ಹೆಚ್ಚಾಗಿ ಪ್ರಯತ್ನಿಸಬೇಕು” ಎನ್ನುತ್ತಿದ್ದರು. ಪಾಪ, ನಂಬಿಯೇ ಹೇಳುತ್ತಿದ್ದರು.

ಬಕೆಟ್ಟುಗಳನ್ನು ಬೇಲಿಯಾಚೆಯ ಗುಂಡಿಗೆ ಒಯ್ಯಬೇಕಿತ್ತು. ಬಿದಿರ ಗಳದ ನಡುವೆ ಬಕೆಟ್ಟು ನೇತುಹಾಕಿ, ಮುಂದೆ ಒಬ್ಬಳು, ಹಿಂದೆ ಒಬ್ಬಳು ಹೆಗಲು ಕೊಟ್ಟು ನಡೆಯುವುದು. ಮುಂದೆ ನಾನು, ಹಿಂದೆ ಮರೆಮ್ಮ. ಅವಳು ನಮ್ಮ ಹೌಸಿನ ಕ್ಯಾಪ್ಟನ್. ಬಕೆಟ್ಟಿನ ಹಗ್ಗವನ್ನು ತನ್ನ ಕಡೆಗೆ ಎಳೆದುಕೊಂಡು ಭಾರ ತಾನೇ ಹೊರುತ್ತಿದ್ದಳು. ನಾನು ಬೈದರೆ, “ನೀ ಮುಂದ ನೋಡಿ ನಡಿ ಬೇ, ಎಡವಿದ್ರ ಇಬ್ಬರಿಗೂ ಜಳಕ” ಅನ್ನುತ್ತಿದ್ದಳು. ಅಂಥ ಹೊತ್ತಲ್ಲೂ ನಗಿಸುತ್ತಿದ್ದಳು. ಸಾಬವ್ವ ನೋಡಲು ಬಂದಾಗ ಮಾತ್ರ ನಾವು ಬಾಯಿ ಬಿಡುತ್ತಿರಲಿಲ್ಲ. “ಚಲೋ ಅದೀವಿ, ಕಲಿಯಾಕತ್ತೀವಿ” ಅನ್ನುತ್ತಿದ್ದೆವು. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆವು.

ಯುದ್ಧ ಶುರುವಾದ ಮರುವರ್ಷದ ಮಳೆಗಾಲ. ಜೇವರ್ಗಿಯಲ್ಲಿ ವಾಂತಿಭೇದಿ ಬಂತು. ಶಾಲೆಯಲ್ಲಿ ಮೊದಲು ಮಲಗಿದ್ದು ಶಾರೋನ್ ಹೌಸು. ಕೋಣೆ ತುಂಬ ನರಳಾಟ. ಮಿಸ್ ಸಾಹೇಬರು ಔಷಧ ಕೊಟ್ಟರು, ನಿದ್ದೆಗೆಟ್ಟರು. ಬಕೆಟ್ಟು ಮಾತ್ರ ನಮ್ಮದು. ಆ ವಾರವೂ ನಾವು ಸೋತಿದ್ದೆವಲ್ಲ.

ಮರೆಮ್ಮ ಚಿಕ್ಕವರನ್ನು ಒಳಗೆ ಬಿಡಲಿಲ್ಲ. ತಾನೇ ಹೋದಳು. ವಾಂತಿ ಬಳಿದಳು, ಬಟ್ಟೆ ಬದಲಿಸಿದಳು. ಶಾರೋನ್ ಹೌಸಿನ ಕ್ಯಾಪ್ಟನ್ ಸುಲಭಾ, ಸೊಲ್ಲಾಪುರದ ಕಡೆಯ ಪಾದ್ರಿಯ ಮಗಳು, ನಮ್ಮ ನೆರಳು ಬಿದ್ದರೂ ಲಂಗ ಎಳೆದುಕೊಳ್ಳುವವಳು, ಮರೆಮ್ಮನ ತೋಳಿಗೆ ಒರಗಿ ಅವಳ ಕೈಯಿಂದ ನೀರು ಕುಡಿದಳು. ಸುಲಭಾ ಉಳಿದಳು. ಶಾರೋನ್ ಹೌಸಿನ ಎಲ್ಲರೂ ಉಳಿದರು. ಮರೆಮ್ಮನಿಗೆ ಶುರುವಾದಾಗ ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಚಿಕ್ಕವರು ಬಕೆಟ್ಟು ಎತ್ತಬೇಕಾಗುತ್ತಿತ್ತು. ಗುಂಡಿಯ ಹತ್ತಿರ ಕುಸಿದು ಕೂತಾಗಲೇ ನನಗೆ ಗೊತ್ತಾದದ್ದು. ಮರುದಿನ ಮಧ್ಯಾಹ್ನಕ್ಕೆ ಮುಗಿದುಹೋಯಿತು.

ರೋಗ ಹಬ್ಬೀತೆಂದು ಆ ಸಂಜೆಯೇ ಸುಣ್ಣ ಸುರಿದು ಚರ್ಚಿನ ಹಿಂದೆ ಮಣ್ಣು ಮಾಡಿದರು. ಹಳ್ಳ ತುಂಬಿತ್ತು. ಸಾಬವ್ವ ಬಂದದ್ದು ಹಳ್ಳ ಇಳಿದ ಮೇಲೆ. ಅಷ್ಟರಲ್ಲಿ ಮಣ್ಣಿನ ಮೇಲೆ ಹುಲ್ಲು ಚಿಗುರಿತ್ತು.

“ಮುಖ ತೋರಸ್ರಿ,” ಅಂದಳು.

ಮಿಸ್ ಸಾಹೇಬರು ಮಣ್ಣಿನ ಗುಡ್ಡೆಯ ಕಡೆ ಕೈ ತೋರಿಸಿದರು.

“ಮುಖ ನೋಡದ ನಾ ಹೆಂಗ ನಂಬಲಿ? ಇಲ್ಲಿ ಯಾರನ್ನ ಹುಗದೀರೋ ಏನೋ.”

ಅವಳು ಅಳಲಿಲ್ಲ. ಎದ್ದು ಹೋದಳು. ನಂಬದೆಯೇ ಹೋದಳು.

ಮುಂದಿನ ತಿಂಗಳು ಮಿಸ್ ಸಾಹೇಬರು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ಕಣ್ಣು ಕೆಂಪಾಗಿತ್ತು. “ಸ್ನೇಹಿತರಿಗೋಸ್ಕರ ಪ್ರಾಣ ಕೊಟ್ಟ ಮರೆಮ್ಮನನ್ನು ನಾವು ಎಂದಿಗೂ ಮರೆಯಬಾರದು. ಇಂದಿನಿಂದ ಬೇಥಾನ್ಯ ಹೌಸಿಗೆ ಅವಳ ಹೆಸರೇ ಇರುವುದು” ಎಂದರು. ನಮ್ಮ ಕೋಣೆಯ ಬಾಗಿಲ ಮೇಲೆ ಕರಿ ಹಲಗೆ ಹೊಡೆದರು. ಅದರ ಮೇಲೆ ಬಿಳಿ ಬಣ್ಣದಲ್ಲಿ ‘ಮರೆಮ್ಮ’. ನಾವೆಲ್ಲ ಅತ್ತೆವು. ನಮ್ಮ ಕೇರಿಯ ಹುಡುಗಿಯ ಹೆಸರು ಬಾಗಿಲ ಮೇಲೆ! ನನಗೆ ಎದೆಯುಬ್ಬಿತು. ಸುಳ್ಳೇಕೆ ಹೇಳಲಿ?

ಮರುದಿನ ಬೆಳಿಗ್ಗೆ ಗಂಟೆಯಾಯಿತು. ಸುಮಿತ್ರಾಬಾಯಿ ವರಾಂಡದ ಮೆಟ್ಟಿಲ ಮೇಲೆ ನಿಂತು, ದಿನಾ ಕೂಗುವಂತೆ ಕೂಗಿದಳು.

“ಶಾರೋನ್, ಹೂವಿಗೆ. ಕರ್ಮೆಲ್, ಅಡಗಿಮನಿಗೆ. ಮರೆಮ್ಮ, ಪಾಯಖಾನಿಗೆ.”

ಹೌಸಿನ ಹೆಸರು ಕೂಗಿದರೆ ಕ್ಯಾಪ್ಟನ್ ಎದ್ದು ‘ಹಾಜಿರ್’ ಅನ್ನಬೇಕು. ಈಗ ಕ್ಯಾಪ್ಟನ್ ನಾನು.

“ಮರೆಮ್ಮ!” ಎಂದಳು ಮತ್ತೆ.

“ಹಾಜಿರ್ರಿ,” ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಅಲ್ಲಿಂದ ಶುರುವಾಯಿತು. ಹೆಸರಿನ ಹಿಂದೆ ಹೌಸು ಅನ್ನುವುದನ್ನು ನಾಲ್ಕು ದಿನದಲ್ಲೇ ಎಲ್ಲರೂ ಬಿಟ್ಟರು. ಮರೆಮ್ಮ ಇನ್ನೂ ತೊಳದಿಲ್ಲ. ಮರೆಮ್ಮ ನಾರ್ತದ. ಮರೆಮ್ಮನ್ನ ಕರೀರಿ, ಬಕೀಟು ತುಂಬೇದ. ಈ ವಾರನೂ ಮರೆಮ್ಮ ಕಡೀಗೆ. ಶಾರೋನಿನ ಚಿಕ್ಕ ಹುಡುಗಿಯರು ಮೂಗು ಮುಚ್ಚಿಕೊಂಡು ಓಡುವಾಗ, “ಮರೆಮ್ಮ ಬಂತು, ಮರೆಮ್ಮ ಬಂತು” ಅನ್ನುತ್ತಿದ್ದರು. ಬದುಕಿದ್ದಾಗ ಅವಳಿಗೆ ಭಾನುವಾರ ಮಧ್ಯಾಹ್ನವಾದರೂ ಬಿಡುವಿತ್ತು. ಸತ್ತ ಮೇಲೆ ಅದೂ ಇಲ್ಲ.

ಗಳದ ಹಿಂದಿನ ತುದಿಗೆ ಈಗ ಮಲ್ಕಮ್ಮ. ಅಫಜಲಪುರದ ಕಡೆಯವಳು, ನನ್ನ ಎದೆಗೆ ಬರುವಷ್ಟು ಎತ್ತರ. ಗಳ ಹಿಂದಕ್ಕೆ ಇಳಿಜಾರು. ಬಕೆಟ್ಟು ಜಾರಿ ಅವಳ ಮೇಲೆ ಹೋಗಬೇಕು. ಹೋಗುತ್ತಿರಲಿಲ್ಲ. ನಡುವೆಯೇ ನಿಲ್ಲುತ್ತಿತ್ತು. ನಾನು ಮೊದಲು ಗಮನಿಸಲಿಲ್ಲ. ಒಂದು ಬೆಳಿಗ್ಗೆ ಮಲ್ಕಮ್ಮ ನಿಂತುಬಿಟ್ಟಳು.

“ಯಕ್ಕಾ, ನನಗ ವಜ್ಜೆ ಆಗಾಂಗಿಲ್ಲ.”

“ಚಲೋ ಆತಲ್ಲ. ನಡಿ.”

“ಹಂಗಲ್ಲ. ನನ್ನ ಹಿಂದ ಯಾರೋ ಗಳ ಹಿಡಕೊಂಡು ನಡ್ಯಾಕತ್ತಾರ.”

ನಾನು ಹಿಂದೆ ತಿರುಗಿ ನೋಡಲಿಲ್ಲ. ಮುಂದೆ ನೋಡಿ ನಡೆದೆ. ದೆವ್ವವೆಂಬ ಅಂಜಿಕೆ ಅದಲ್ಲ. ಅವಳು ಇನ್ನೂ ಹೊರುತ್ತಿದ್ದಾಳಲ್ಲ ಎಂಬ ಸಂಕಟ. ಕರೆದರೆ ಬರದೆ ಇರುವವಳಲ್ಲ ಅವಳು. ದಿನಾ ಕರೆಯುತ್ತಿದ್ದಾರೆ, ದಿನಾ ಬರುತ್ತಿದ್ದಾಳೆ. ಮಣ್ಣಲ್ಲಿ ಮಲಗಲು ಬಿಡದವರು ನಾವೇ.

ಚಿಕ್ಕವರಿಗೆಲ್ಲ ಗೊತ್ತಾಯಿತು. ಸಾಲಲ್ಲಿ ಊಟಕ್ಕೆ ಕೂತಾಗ ನನ್ನ ಪಕ್ಕದಲ್ಲಿ ಒಬ್ಬಳಿಗಾಗುವಷ್ಟು ಜಾಗ ಬಿಡುತ್ತಿದ್ದರು. ಕೆಲವು ಬೆಳಿಗ್ಗೆ ನಾನು ‘ಹಾಜಿರ್’ ಅನ್ನುವ ಮೊದಲೇ ಹಿಂದಿನ ಸಾಲಿನಿಂದ ‘ಹಾಜಿರ್’ ಕೇಳಿಸುತ್ತಿತ್ತು. ಯಾರು ಅಂದದ್ದೆಂದು ಕೇಳಿದರೆ ಒಬ್ಬರೂ ಒಪ್ಪುತ್ತಿರಲಿಲ್ಲ. ಸುಮಿತ್ರಾಬಾಯಿಗೂ ಕೇಳಿಸುತ್ತಿತ್ತು. ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಕೂಗುವುದನ್ನು ಬಿಡಲಿಲ್ಲ. ಬಕೆಟ್ಟು ಎತ್ತಬೇಕಲ್ಲ.

ನಾನು ಏಕೆ ಸುಮ್ಮನಿದ್ದೆ? ಏಳನೆಯ ಇಯತ್ತೆ ಮುಗಿಸಿದರೆ ನನ್ನನ್ನು ಸೊಲ್ಲಾಪುರದ ಮಿಶನ್ ದವಾಖಾನೆಗೆ ನರ್ಸಿನ ಕೆಲಸ ಕಲಿಯಲು ಕಳಿಸುವುದಾಗಿ ಮಿಸ್ ಸಾಹೇಬರು ಹೇಳಿದ್ದರು. ಮೊದಲು ಅದು ಮರೆಮ್ಮನಿಗೆ ಇದ್ದದ್ದು. ಹೇಗಾದರೂ ಅಲ್ಲಿಗೆ ಮುಟ್ಟಬೇಕು, ಸಾಬವ್ವನನ್ನು ಕೊಳಕೂರದಿಂದ ಬಿಡಿಸಿ ಕರೆದೊಯ್ಯಬೇಕು. ಅಷ್ಟರ ತನಕ ಹಲ್ಲು ಕಚ್ಚಿ ಇರಬೇಕು. ಇದೇ ನನ್ನ ಲೆಕ್ಕಾಚಾರ.

ಮರೆಮ್ಮ ತೀರಿ ವರ್ಷ ತುಂಬುವ ದಿನ ಸಾಬವ್ವ ಬಂದಳು. ನಾನು ಅವಳನ್ನು ನೋಡಿರಲಿಲ್ಲ. ಬೆಳಿಗ್ಗೆ ನಾವು ಅಂಗಳದಲ್ಲಿ ಸಾಲಾಗಿ ಕೂತಿದ್ದೆವು. ಅವಳು ಊರಿಂದ ಕತ್ತಲಲ್ಲೇ ಹೊರಟು ಗೇಟಿನ ಹೊರಗೆ ಬಂದು ನಿಂತಿದ್ದಳು. ಗೋರಿಯ ಮೇಲೆ ಇಡಲು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ತಂದಿದ್ದಳು. ತಿರುಗಿ ಹೋಗುವಾಗ ಕಳೆ ಕೀಳುವ ಕೆಲಸಕ್ಕೆ ಹೋಗಬೇಕೆಂದು ಕುರ್ಪಿ ನಡುವಿಗೆ ಸಿಕ್ಕಿಸಿಕೊಂಡಿದ್ದಳು.

“ಮರೆಮ್ಮ, ಪಾಯಖಾನಿಗೆ,” ಎಂದು ಸುಮಿತ್ರಾಬಾಯಿ ಕೂಗಿದಳು.

“ಹಾಜಿರ್ರಿ,” ಅಂದೆ.

ಗೇಟು ಬಡಿದ ಸದ್ದಾಯಿತು. ಸಾಬವ್ವ ಓಡಿ ಬರುತ್ತಿದ್ದಳು. ಬುತ್ತಿ ಕೈಯಿಂದ ಬಿದ್ದು ರೊಟ್ಟಿ ಮಣ್ಣುಪಾಲಾಯಿತು. ತಲೆಯ ಮೇಲಿನ ಸೆರಗು ಎಲ್ಲೋ. ಸಾಲುಗಳ ನಡುವೆ ನುಗ್ಗಿ ಒಬ್ಬೊಬ್ಬ ಹುಡುಗಿಯ ಗದ್ದ ಹಿಡಿದು ಎತ್ತಿ ಎತ್ತಿ ನೋಡಿದಳು.

“ಎಲ್ಲದಾಳ? ಎಲ್ಲದಾಳ ನನ್ನ ಮಗಳು? ಈಗ ಓ ಅಂದ್ಳಲ್ಲ. ಮರೆಮ್ಮ, ನಾ ಬಂದೀನಿ ಬೇ, ನಿಮ್ಮವ್ವ. ನಾ ಅವಾಗ ಅಂದಿದ್ನಿ, ಸತ್ತಿಲ್ಲ ಅಂತ ಅಂದಿದ್ನಿ.”

ಆ ಮುಖ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ನಗುತ್ತಿದ್ದಳು. ವರ್ಷದಿಂದ ನಗದವಳು ನಗುತ್ತಿದ್ದಳು.

ನಾನು ಅವಳ ಕೈ ಹಿಡಿದೆ. “ಚಿಗವ್ವ, ಸತ್ತಾಳ.”

“ಮತ್ತ ಹಾಜಿರ್ ಅಂದಾಕಿ ಯಾರು?”

“ನಾನ.”

ಒಂದು ಏಟು ಬಿತ್ತು. ಕಪಾಳ ಉರಿಯಿತು. ಅವಳು ಹೊಡೆದದ್ದಕ್ಕೆ ನನಗೆ ಸಿಟ್ಟಿಲ್ಲ. ಯಾರಾದರೂ ಹೊಡೆಯಬೇಕಿತ್ತು.

“ನನ್ನ ಮಗಳು ಯಾಕ ಪಾಯಖಾನಿಗೆ ಹೋಗಬೇಕು?” ಎಂದಳು. ಈಗ ಅವಳ ದನಿ ಇಳಿದಿತ್ತು. “ಇಲ್ಲಿ ಆಕಿ ಅದನ್ನ ಮಾಡ್ತಿದ್ಲೇನು?”

ಮುಚ್ಚಿಟ್ಟದ್ದೆಲ್ಲ ಹೇಳಿದೆ. ಬಕೆಟ್ಟು, ಗಳ, ಗುಂಡಿ, ಮೂಗು, ಶನಿವಾರ. ಅಂಗಳದಲ್ಲಿ ಎಲ್ಲರೆದುರಿಗೇ ಹೇಳಿದೆ. ಸಾಬವ್ವ ನನ್ನ ಅಂಗೈ ತಿರುಗಿಸಿ ಮೂಸಿ ನೋಡಿದಳು. ಮೂಗು ಹಿಂದೆ ತೆಗೆಯಲಿಲ್ಲ. ಹಾಗೆಯೇ ಅದರಲ್ಲಿ ಮುಖವಿಟ್ಟು ನಿಂತಳು.

ಗದ್ದಲಕ್ಕೆ ಮಿಸ್ ಸಾಹೇಬರು ಹೊರಗೆ ಬಂದರು. “ಅಮ್ಮಾ, ನೀವು ತಪ್ಪು ತಿಳಿದಿದ್ದೀರಿ. ನಾವು ನಿಮ್ಮ ಮಗಳನ್ನು ಸನ್ಮಾನಿಸಿದ್ದೇವೆ. ಈ ಹೌಸಿಗೆ ಅವಳ ಹೆಸರನ್ನು ಕೊಟ್ಟಿದ್ದೇವೆ” ಎಂದರು.

“ಸತ್ತಾಕಿನ್ನ ದಿನಾ ಹೊಲಸು ಎತ್ತಾಕ ಕರೆಯೂದು ಸನ್ಮಾನೇನ್ರಿ?” ಎಂದಳು ಸಾಬವ್ವ.

ಮಿಸ್ ಸಾಹೇಬರು ಸುಮಿತ್ರಾಬಾಯಿಯ ಕಡೆ ನೋಡಿದರು. ಸುಮಿತ್ರಾಬಾಯಿ, “ಇವರಿಗೇನ್ ತಿಳೀತದ್ರಿ” ಎಂದಳು.

ನನ್ನೊಳಗೆ ಏನೋ ಹರಿಯಿತು. ಸೊಲ್ಲಾಪುರ ಮನಸ್ಸಿಗೆ ಬಂತು. ಬಂದರೂ ಬಾಯಿ ತೆರೆದೆ.

“ಮಿಸ್ಸಾಬ್, ಆ ಹೆಸರು ದೊಡ್ಡದು ಅಂತೀರಿ. ಹಂಗಾದ್ರ ಅದನ್ನ ಶಾರೋನಿಗೆ ಇಡ್ರಿ. ಶಾರೋನ್ ನಮಗ ಕೊಡ್ರಿ.”

ಅವರ ಮುಖ ಅರಳಿತು. ಇದೇ ನ್ಯಾಯ ಎಂದು ಅವರಿಗೆ ನಿಜವಾಗಿ ಅನ್ನಿಸಿತು. ಸಾಲಿನಲ್ಲಿ ಮುಂದೆ ಕೂತಿದ್ದ ಸುಲಭಾಳನ್ನು ಎಬ್ಬಿಸಿ ನಿಲ್ಲಿಸಿದರು. “ಇಂದಿನಿಂದ ನಮ್ಮ ಮೊದಲನೆಯ ಹೌಸಿಗೆ ಈ ಹೆಸರು. ನಾನು ಕರೆಯುತ್ತೇನೆ, ನೀನು ಉತ್ತರ ಕೊಡು. ಮರೆಮ್ಮ.”

ಸುಲಭಾ ಲಂಗವನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಮರೆಮ್ಮ,” ಎಂದರು ಮತ್ತೆ.

“ಬ್ಯಾಡ್ರಿ ಮಿಸ್ಸಾಬ್.”

“ಏಕೆ? ಅವಳು ನಿನ್ನ ಪ್ರಾಣ ಉಳಿಸಿದಳು.”

“ಹೌದ್ರಿ. ದಿನಾ ಆಕಿ ಸಲುವಾಗಿ ಪ್ರಾರ್ಥನಿ ಮಾಡ್ತೇನಿ.” ಸುಲಭಾ ಅಳುತ್ತಿದ್ದಳು. ಅಳು ಸುಳ್ಳಲ್ಲ. “ಆದ್ರ ಆ ಹೆಸರಿಂದ ನನ್ನ ಕರೀಬ್ಯಾಡ್ರಿ. ನಮ್ಮಪ್ಪಗ ತಿಳಿದ್ರ ನನ್ನ ಇಲ್ಲಿ ಇಡಾಂಗಿಲ್ಲ. ನಾನೂ ಅವರಾಕಿ ಅಂತ ಮಂದಿ ತಿಳಕೋತಾರ.”

ಶಾರೋನ್ ಸಾಲಿನ ಹುಡುಗಿಯರೆಲ್ಲ ನೆಲ ನೋಡುತ್ತಿದ್ದರು. ಮಿಸ್ ಸಾಹೇಬರು ಒಬ್ಬೊಬ್ಬರ ಮುಖ ನೋಡಿದರು. ಉತ್ತರ ಕೊಡುವವಳು ಒಬ್ಬಳಾದರೂ ಸಿಕ್ಕಾಳೆಂದು ನೋಡಿದರು. ಆಮೇಲೆ, “ನಾನು ಪ್ರಾರ್ಥನೆ ಮಾಡಿ ತೀರ್ಮಾನಿಸುವೆನು” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪಾಪ ಎಂದು ನಾನು ಅವರ ಬಗ್ಗೆ ಅಂದದ್ದು ಆ ದಿನದ ತನಕ.

ಸಾಬವ್ವ ಬಾಗಿಲು ತೆರೆಯುವ ತನಕ ಕಾಯಲಿಲ್ಲ.

“ಯಾವುದು ಆಕಿ ಹೆಸರು? ತೋರಸು,” ಎಂದು ನನ್ನನ್ನು ಕೇಳಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮ ಕೋಣೆಯ ಬಾಗಿಲ ಮೇಲಿನ ಹಲಗೆ ತೋರಿಸಿದೆ. ಕಲ್ಲಿನ ಮೇಲೆ ಹತ್ತಿ ನಿಂತು ಮೊದಲು ಬೆರಳಿಂದ ಮುಟ್ಟಿದಳು. ಮೂರು ಅಕ್ಷರಗಳ ಮೇಲೂ ಬೆರಳಾಡಿಸಿದಳು. ಮಗುವಿನ ಮುಖ ಸವರುವಂತೆ ಸವರಿದಳು. ಆಮೇಲೆ ನಡುವಿನಿಂದ ಕುರ್ಪಿ ತೆಗೆದು ಕೆರೆಯತೊಡಗಿದಳು. ಬಿಳಿ ಪುಡಿ ಅವಳ ತಲೆಯ ಮೇಲೆ, ಹೆಗಲ ಮೇಲೆ ಉದುರಿತು.

“ಬಾ ಯವ್ವ,” ಅನ್ನುತ್ತಿದ್ದಳು. “ಸಾಕು ಬಾ. ಮಲಕೋ ಹೋಗು. ಇನ್ನ ಯಾರು ಕರದ್ರೂ ಓ ಅನಬ್ಯಾಡ.”

ಸುಮಿತ್ರಾಬಾಯಿ ಓಡಿ ಬಂದಳು. ಆದರೆ ಕೈ ಹಿಡಿದು ತಡೆಯಲಿಲ್ಲ. ತಡೆಯಬೇಕಾದರೆ ಮುಟ್ಟಬೇಕಿತ್ತು. ದೂರ ನಿಂತು ನನಗೆ ಹೇಳಿದಳು, “ಭಾಗಮ್ಮ, ನಾಳಿ ಮುಂಜಾನಿ ಬಕೀಟು ಎತ್ತಲಿಲ್ಲ ಅಂದ್ರ ಇವಳ ಜೋಡಿನೇ ಊರಿಗೆ ನಡಿ. ಸೊಲ್ಲಾಪುರ ಮರತುಬಿಡು.”

ಆ ದಿನವೆಲ್ಲ ನಮ್ಮ ಹುಡುಗಿಯರು ಗುಸುಗುಸು ಮಾಡಿದರು. ಊರಿಗೆ ಹೋದರೆ ಏನಿದೆ? ಗೌಡರ ಕೊಟ್ಟಿಗೆ. ಇಲ್ಲಿ ಎರಡು ಹೊತ್ತು ರೊಟ್ಟಿಯಾದರೂ ಸಿಗುತ್ತದೆ. ಅವರ ಅಂಜಿಕೆ ತಪ್ಪಲ್ಲ. ನಾನು ಅವರನ್ನು ಬೇವಿನ ಮರದ ಕೆಳಗೆ ಕೂಡಿಸಿಕೊಂಡು ಹೇಳಿದೆ: “ಎತ್ತಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ನಿಮ್ಮ ನಿಮ್ಮ ಹೆಸರು ಹಿಡದು ಕರದ್ರ ಏಳ್ರಿ. ಬ್ಯಾರೆ ಏನರ ಅಂದು ಕರದ್ರ ಏಳಬ್ಯಾಡ್ರಿ. ಅಷ್ಟ.”

ಸಾಬವ್ವ ಊರಿಗೆ ಹೋಗಲಿಲ್ಲ. “ನಾಳಿ ಏನಂತ ಕರೀತಾರ, ಕೇಳೇ ಹೋಗ್ತೇನಿ” ಎಂದು ಮಗಳ ಗೋರಿಯ ಪಕ್ಕ ಕೂತಳು.

ಬೆಳಿಗ್ಗೆ ಗಂಟೆಯಾಯಿತು. ಸಾಲಾಗಿ ಕೂತೆವು. ಸಾಬವ್ವ ಬಂದು ನನ್ನ ಪಕ್ಕದಲ್ಲಿ ಕೂತಳು. ಯಾರೂ ಅವಳನ್ನು ಏಳಿಸಲಿಲ್ಲ. ಮಿಸ್ ಸಾಹೇಬರ ಬಾಗಿಲು ಇನ್ನೂ ಹಾಕಿತ್ತು.

“ಶಾರೋನ್, ಹೂವಿಗೆ,” ಎಂದಳು ಸುಮಿತ್ರಾಬಾಯಿ. ಅವರು ಎದ್ದರು.

“ಕರ್ಮೆಲ್, ಅಡಗಿಮನಿಗೆ.” ಅವರೂ ಎದ್ದರು.

ಆಮೇಲೆ ಅವಳು ನಿಂತಳು. ಹಲಗೆ ಖಾಲಿ. ಬೇಥಾನ್ಯ ಅನ್ನಬಹುದಿತ್ತು. ಆದರೆ ಮಿಸ್ ಸಾಹೇಬರು ಎಲ್ಲರೆದುರಿಗೆ ತೆಗೆದುಹಾಕಿದ ಹೆಸರನ್ನು ಅವಳು ತಾನೇ ಮತ್ತೆ ಇಡುವಂತಿರಲಿಲ್ಲ. ಮರೆಮ್ಮ ಅನ್ನಲು ಸಾಬವ್ವನ ಕಣ್ಣೆದುರಿಗೆ ಬಾಯಿ ಬರಲಿಲ್ಲ. ನಮ್ಮ ಸಾಲಿನ ಉದ್ದಕ್ಕೂ ಕಣ್ಣಾಡಿಸಿದಳು. ಆಗ ನನಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ದಿನಾ ನಮ್ಮ ಕೈ ಮೂಸಿದವಳಿಗೆ ನಮ್ಮ ಚಿಕ್ಕವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ.

“ಭಾಗಮ್ಮ,” ಎಂದಳು ಕೊನೆಗೆ. “ನಿನ್ನ ಮಂದೀನ್ನ ಕರಕೊಂಡು ಏಳು.”

“ನನ್ನ ಮಂದಿ ಯಾರ್ರಿ ಬಾಯಾರ?”

“ಇವರೇ.”

“ಇವರಿಗೆ ಹೆಸರು ಅದಾವ್ರಿ. ಕರೀರಿ. ಏಳ್ತಾರ.”

“ತಿಂದು ಕೊಬ್ಬೀರಿ. ಏಳ್ರಿ ಅಂದ್ರ ಏಳ್ರಿ.”

“ಯಾರು ಏಳಬೇಕ್ರಿ? ಅದನ್ನ ಹೇಳ್ರಿ.”

ಅವಳ ಕತ್ತಿನ ನರ ಉಬ್ಬಿತು. ಇಷ್ಟು ವರ್ಷ ಯಾವ ಮಾತನ್ನು ಹೌಸಿನ ಹೆಸರಿನಲ್ಲಿ ಸುತ್ತಿ ಸುತ್ತಿ ಇಟ್ಟಿದ್ದಳೋ ಅದು ಬಾಯಿಂದ ಬಂದುಬಿಟ್ಟಿತು.

“ಹೊಲೇರು, ಮಾದಿಗರು, ಎಲ್ಲಾರೂ ಏಳ್ರಿ! ಪಾಯಖಾನಿಗೆ ನಡೀರಿ!”

ಹೂವಿನ ಬುಟ್ಟಿ ಹಿಡಿದ ಶಾರೋನಿನವರು ಇದ್ದಲ್ಲೇ ನಿಂತರು. ಅಡಿಗೆಮನೆಯ ಸದ್ದು ನಿಂತಿತು. ಸುಮಿತ್ರಾಬಾಯಿಯ ಬೆನ್ನ ಹಿಂದೆ ಬಾಗಿಲು ತೆರೆದಿತ್ತು. ಮಿಸ್ ಸಾಹೇಬರು ಹೊಸ್ತಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಅದು ಯಾವ ಹೌಸು?” ಎಂದು ಕೇಳಿದರು.

ಸುಮಿತ್ರಾಬಾಯಿ ಸೆರಗು ಸರಿಮಾಡಿಕೊಂಡಳು. ಮಿಸ್ ಸಾಹೇಬರು ನನ್ನ ಕಡೆ ನೋಡಿದರು. ಸೊಲ್ಲಾಪುರ ಅಲ್ಲಿಗೆ ಮುಗಿಯಿತೆಂದು ನನಗೆ ಗೊತ್ತಿತ್ತು.

“ಮೊದಲಿಂದ ಇದ್ದದ್ದು ಅದೊಂದ ಹೌಸ್ರಿ, ಮಿಸ್ಸಾಬ್,” ಅಂದೆ. “ನೀವು ಬ್ಯಾರೆ ಬ್ಯಾರೆ ಹೆಸರಿಟ್ಟು ಕರದ್ರಿ.”

ಕೂತೇ ಅಂದೆ. ಮಲ್ಕಮ್ಮ ನಡುಗುತ್ತಿದ್ದಳು. ನಡುಗುತ್ತಲೇ ಕೂತಿದ್ದಳು. ಆ ಸಾಲಿನಲ್ಲಿ ಒಬ್ಬಳೂ ಏಳಲಿಲ್ಲ.